ತಾಮ್ರದಂಗಡಿಯವರ ರಕ್ತ

ನಡುಕ ಇರುವುದು ಮಷಿನ್ನಿಗೆ, ನನಗಲ್ಲ ಎಂದು ನಮ್ಮ ಮನೆಯವರೆಲ್ಲ ಬಹಳ ದಿನ ನಂಬಿದ್ದರು. ನಾನೂ ನಂಬಿದ್ದೆ. ಸೇಡಂ ಬಜಾರಿನಲ್ಲಿ ನಮ್ಮದು ಪಾತ್ರೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರ ಮೂರನ್ನೂ ಮಾರುತ್ತೇವೆ. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನ ಕೈಗೆ ಅಪ್ಪ ಹೆಸರು ಹಾಕುವ ಮಷಿನ್ ಕೊಟ್ಟಿದ್ದ. ಪೆನ್ನಿನ ಹಾಗೆ ಹಿಡಿದು ಸ್ವಿಚ್ ಒತ್ತಿದರೆ ಗುರ್ ಎಂದು ನಡುಗುತ್ತ, ಪಾತ್ರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತದೆ. ಮದುವೆ ಸೀಸನ್ನಿನಲ್ಲಿ ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೂ ಅದೇ ಕೆಲಸ. ಆಡಕಿ, ಮುಧೋಳ, ಚಿತ್ತಾಪುರದ ಕಡೆಯ ಎಷ್ಟು ಮನೆಗಳ ಕೊಡ, ತಂಬಿಗೆ, ಪರಾತಗಳ ಮೇಲೆ ನನ್ನ ಕೈಬರಹವಿದೆಯೋ ನನಗೇ ಗೊತ್ತಿಲ್ಲ.

ಹಾಗಾಗಿ ಕೈ ನಡುಗತೊಡಗಿದಾಗ ಯಾರೂ ಗಾಬರಿಯಾಗಲಿಲ್ಲ. "ದಿನಾ ಅದನ್ನ ಹಿಡ್ಕೊಂಡು ಕುಂತ್ರ ಕೈಗಿ ಅದರದೇ ಚಟ ಹತ್ತದ," ಅಂದ ಅಪ್ಪ. ಒಮ್ಮೆ ಆಡಕಿಯ ಹೆಣ್ಣುಮಗಳೊಬ್ಬಳು ತನ್ನ ಮಗಳ ಹೆಸರು ಹಾಕಿಸಿಕೊಂಡ ಪರಾತವನ್ನು ವಾಪಸ್ ತಂದು ಕಟ್ಟೆಯ ಮೇಲೆ ಕುಕ್ಕಿದಳು.

"ಏನವಾ, ಬಸ್ಸಿನಾಗ ಕುಂತು ಬರ್ದೀಯೇನ ಇದನ್ನ?"

"ಹಂಗಾರ ನೀವೇ ಬರ್ಕೊಳ್ರಿ," ಅಂದೆ ನಾನು. ನನ್ನ ಬಾಯಿ ಬಜಾರಿಗೆಲ್ಲ ಗೊತ್ತು. ಆದರೆ ಅವಳು ಹೋದ ಮೇಲೆ ಆ ಅಕ್ಷರಗಳನ್ನು ನೋಡಿ ನನಗೇ ಹೆದರಿಕೆಯಾಯಿತು. ಗೋದಾಮಿಗೆ ಹೋಗಿ ಅತ್ತೆ.

ಮಳೆಗಾಲ ಮುಗಿಯುವವರೆಗೆ ನಾನು ಮಷಿನ್ ಮುಟ್ಟಲಿಲ್ಲ. ನಡುಕ ಮಾತ್ರ ನಿಲ್ಲಲಿಲ್ಲ. ಚಹದ ಕಪ್ಪು ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಸೀರೆಯ ಮೇಲಿರುತ್ತಿತ್ತು. ಆಮೇಲೆ ನಾಲಿಗೆಗೆ ಬಂತು. ಮಾತು ತೊದಲತೊಡಗಿತು, ನಿದ್ದೆಯಲ್ಲಿ ಜೊಲ್ಲು ಸುರಿದು ದಿಂಬು ಒದ್ದೆಯಾಗುತ್ತಿತ್ತು. ಜಗಳದ ನಡುವೆ ಒಳ್ಳೊಳ್ಳೆ ಮಾತು ಹೊಳೆಯುತ್ತಿತ್ತು, ಅದನ್ನು ಹೊರಗೆ ತರುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಿದ್ದರು. ಇದಕ್ಕಿಂತ ದೊಡ್ಡ ಶಿಕ್ಷೆ ನನ್ನಂಥವಳಿಗೆ ಬೇರೊಂದಿಲ್ಲ.

ಬಂಧುಗಳೆಲ್ಲ ಡಾಕ್ಟರಾದರು. ಶಹಾಬಾದಿನ ದೊಡ್ಡಮ್ಮ ದೃಷ್ಟಿಯಾಗಿದೆ ಎಂದಳು. ವಾಡಿಯ ಕಾಕಾ ಸಿಟ್ಟು ಕಡಿಮೆ ಮಾಡಿಕೊ ಎಂದು ಉಪದೇಶ ಕೊಟ್ಟ, ಅದನ್ನು ಕೇಳಿ ನನ್ನ ಸಿಟ್ಟು ಇನ್ನೂ ಏರಿತು. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದವರಿಗಂತೂ ಲೆಕ್ಕವೇ ಇಲ್ಲ. ಕಲಬುರಗಿಯಲ್ಲಿ ತೋರಿಸಿದ ಡಾಕ್ಟರು ಟೆನ್ಶನ್ ಎಂದು ನಿದ್ದೆಯ ಗುಳಿಗೆ ಬರೆದುಕೊಟ್ಟರು.

ಅವ್ವನದು ಬೇರೆಯೇ ದಾರಿ. ಹೈಸ್ಕೂಲಿನಲ್ಲಿದ್ದಾಗ ನನಗೆ ಕಾಮಣಿಯಾಗಿ ಮೈ, ಕಣ್ಣೆಲ್ಲ ಹಳದಿಯಾಗಿತ್ತು. ಚಿಂಚೋಳಿ ಕಡೆ ಕರೆದೊಯ್ದು ಎಲೆ ಅರೆದ ಔಷಧಿ ಕುಡಿಸಿದ್ದರು, ವಾಸಿಯೂ ಆಗಿತ್ತು. ಅಂದಿನಿಂದ ಅವ್ವನ ಪ್ರಕಾರ ನನಗೇನೇ ಆದರೂ ಅದಕ್ಕೆ ಲಿವರೇ ಕಾರಣ. ಲಿವರಿಗೆ ತಾಮ್ರದ ನೀರು ಬಹಳ ಒಳ್ಳೆಯದು ಎಂದು ಯಾರೋ ಮೊಬೈಲಿನಲ್ಲಿ ತೋರಿಸಿದ್ದರು. "ಊರ ಮಂದಿಗೆಲ್ಲಾ ಮಾರ್ತೀವಿ, ನಮ್ ಹುಡುಗಿಗಿ ಕುಡಸಬಾರದಾ?" ಎಂದು ಅಂಗಡಿಯಿಂದ ಹೊಸ ತಾಮ್ರದ ತಂಬಿಗೆಯನ್ನೇ ಆರಿಸಿ ತಂದಳು. ರಾತ್ರಿ ನೀರು ತುಂಬಿಟ್ಟು, ಬೆಳಿಗ್ಗೆ ಅದಕ್ಕೆ ಲಿಂಬೆಹಣ್ಣು ಹಿಂಡಿ, ಖಾಲಿ ಹೊಟ್ಟೆಗೆ ಎದುರು ನಿಂತು ಕುಡಿಸುತ್ತಿದ್ದಳು. ನಾನು ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದೆ. ನಡುಕ ಹೆಚ್ಚಾದಷ್ಟೂ ಅವಳು ತಂಬಿಗೆಯ ನೀರು ಹೆಚ್ಚಿಸಿದಳು.

ಕೊನೆಗೆ ಅಪ್ಪ ನನ್ನನ್ನೂ ಅವ್ವನನ್ನೂ ಕರೆದುಕೊಂಡು ಹೈದರಾಬಾದಿನ ಬಸ್ಸು ಹತ್ತಿದ. ನರದ ಡಾಕ್ಟರ ಕೋಣೆಯ ಮುಂದೆ ಕಾಲಿಡಲೂ ಜಾಗವಿರಲಿಲ್ಲ. ಕನ್ನಡ, ತೆಲುಗು, ಉರ್ದು ಎಲ್ಲ ಕಲೆತ ಗದ್ದಲ. ಪಕ್ಕದಲ್ಲಿ ಶಹಾಬಾದಿನ ಹೆಂಗಸೊಬ್ಬಳು ಗಂಡನನ್ನು ತೋರಿಸಲು ಬಂದಿದ್ದಳು. ಅವಳು ಫ್ಲಾಸ್ಕಿನಿಂದ ಎಲ್ಲರಿಗೂ ಚಹ ಬಗ್ಗಿಸಿದಳು. ನನ್ನ ಗ್ಲಾಸಿಗೆ ಮಾತ್ರ ಅರ್ಧ ಹಾಕಿ ಕೊಟ್ಟಳು, ಅದು ಮುಗಿದ ಮೇಲೆ ಸುಮ್ಮನೆ ಮತ್ತೆ ಅರ್ಧ ಹಾಕಿದಳು. ಏನನ್ನೂ ಕೇಳಲಿಲ್ಲ. ಅವತ್ತು ನನ್ನ ಸೀರೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಆಕೆಯ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ.

ಡಾಕ್ಟರು ನನ್ನ ಕೈಯನ್ನು ಸರಿಯಾಗಿ ನೋಡಲೇ ಇಲ್ಲ. ಟಾರ್ಚು ಹಿಡಿದು ಕಣ್ಣು ನೋಡಿದರು, ಕಣ್ಣಿನ ವಿಭಾಗಕ್ಕೆ ಕಳಿಸಿದರು. ಅಲ್ಲಿ ಗಲ್ಲ ಇಡುವ ಮಷಿನ್ನಿನ ಮುಂದೆ ಕೂರಿಸಿ, ಒಬ್ಬರಾದ ಮೇಲೊಬ್ಬರು ಎಳೆಯ ಡಾಕ್ಟರುಗಳು ಬಂದು ನನ್ನ ಕಣ್ಣಲ್ಲಿ ಇಣುಕಿ ಹೋದರು. ಕಪ್ಪುಗುಡ್ಡೆಯ ಸುತ್ತ ಕಂದು ಬಣ್ಣದ ಉಂಗುರವಿತ್ತಂತೆ. "ಬ್ಯೂಟಿಫುಲ್ ರಿಂಗ್" ಎಂದಳು ಒಬ್ಬ ಹುಡುಗಿ. ನನ್ನಲ್ಲಿ ಏನನ್ನಾದರೂ ಚಂದ ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸಿಕ್ಕ ಒಬ್ಬಳು ಹೊಗಳಿದ್ದು ರೋಗವನ್ನು!

ಸಂಜೆ ನರದ ಡಾಕ್ಟರು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಊಟದಲ್ಲಿ ಎಲ್ಲರ ಹೊಟ್ಟೆಗೂ ಅಷ್ಟಿಷ್ಟು ತಾಮ್ರ ಹೋಗುತ್ತದೆ. ಬೇಡದ್ದನ್ನು ಲಿವರು ಹೊರಗೆ ಹಾಕುತ್ತದೆ. ನನ್ನ ಲಿವರಿಗೆ ಹುಟ್ಟಿನಿಂದಲೇ ಆ ಕೆಲಸ ಬರುವುದಿಲ್ಲ. ತಾಮ್ರ ಮೊದಲು ಲಿವರಿನಲ್ಲಿ, ಆಮೇಲೆ ಮೆದುಳಿನಲ್ಲಿ, ಕಣ್ಣಿನಲ್ಲಿ ಕೂತಿದೆ.

"ಯಾವ್ದು ಸರ್? ತಾಮ್ರ?" ಅಪ್ಪ ಕೇಳಿದ. ಅಜ್ಜನ ಕಾಲದಿಂದ ಅದನ್ನೇ ತೂಗಿ ಬದುಕಿದ ಮನುಷ್ಯ.

ಅವ್ವ ಕುರ್ಚಿಯಿಂದ ಎದ್ದೇಬಿಟ್ಟಳು. "ನಾನೇ ಕುಡಿಸೀನ್ರಿ ಸಾಹೇಬ್ರ. ನನ್ ಕೈಯಾರೆ, ದಿನಾ ಮುಂಜಾನೆ." ನೀರಿನಿಂದ ರೋಗ ಬಂದಿಲ್ಲ, ಇದ್ದ ರೋಗಕ್ಕೆ ಸ್ವಲ್ಪ ಸೇರಿರಬಹುದು ಅಷ್ಟೇ ಎಂದು ಡಾಕ್ಟರು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಊರಿಗೆ ಬಂದವಳೇ ಮನೆಯಲ್ಲಿದ್ದ ತಾಮ್ರವನ್ನೆಲ್ಲ, ದೇವರ ಕಟ್ಟೆಯ ಚಂಬಿನ ಸಮೇತ, ಅಂಗಡಿಗೆ ಹೊತ್ತು ಹಾಕಿದಳು. ಶೇಂಗಾದಲ್ಲಿ ತಾಮ್ರ ಜಾಸ್ತಿ ಎಂದಿದ್ದರು, ಶೇಂಗಾ ಹಿಂಡಿಯ ಡಬ್ಬಿಯೂ ಹೋಯಿತು. ಶೇಂಗಾ ಹಿಂಡಿ ಇಲ್ಲದೆ ಜೋಳದ ರೊಟ್ಟಿ ತಿನ್ನುವುದು ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೈದರಾಬಾದಿನಲ್ಲಿ ಔಷಧಿ ಶುರು ಮಾಡಿದರು. ಜೊತೆಗೆ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಬೇಕು ಎಂದರು. ಅದನ್ನು ತಿಳಿಸಿ ಹೇಳಲೆಂದೇ ಒಬ್ಬ ಮೇಡಂ ಇದ್ದರು. ಬಿಳಿ ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆದು ನಮ್ಮ ವಂಶ ಇಳಿಸತೊಡಗಿದರು. ಮದುವೆಗೆ ಮುಂಚೆ ನಿಮ್ಮಿಬ್ಬರಿಗೆ ಸಂಬಂಧ ಇತ್ತೇ ಎಂದು ಅವ್ವನನ್ನು ಕೇಳಿದರು.

"ಇವ್ರು ನಮ್ ಮಾಮಾನೇ ಆಗ್ಬೇಕ್ರಿ. ನಮ್ಮವ್ವನ ತಮ್ಮ."

ನಮ್ಮಲ್ಲಿ ಇದೇನು ದೊಡ್ಡ ಸಂಗತಿಯಲ್ಲ. ಅಕ್ಕನ ಮಗಳನ್ನು ಹೊರಗೆ ಕೊಡುವುದೇ ತಪ್ಪು ಎಂಬಂತೆ ಮಾತಾಡುವ ಮನೆ ನಮ್ಮದು. ಸಿಟ್ಟು ಬಂದಾಗ ಅವ್ವ ಇವತ್ತಿಗೂ ಅಪ್ಪನನ್ನು ಮಾಮಾ ಎಂದೇ ಕರೆಯುತ್ತಾಳೆ. ಮೇಡಂ ಅವರಿಬ್ಬರ ನಡುವೆ ಒಂದರ ಕೆಳಗೊಂದು ಎರಡು ಗೆರೆ ಎಳೆದರು. ಅವ್ವ ಬಗ್ಗಿ ನೋಡಿ, "ಒಂದ್ ಗೆರಿ ಸಾಲಂಗಿಲ್ಲೇನ್ರಿ?" ಅಂದಳು. ರಕ್ತಸಂಬಂಧದ ಮದುವೆಗೆ ಎರಡು ಎಳೆಯುತ್ತೇವೆ ಎಂದರು ಮೇಡಂ. ನನ್ನ ಸೊನ್ನೆಯನ್ನು ಪೂರ್ತಿ ಕಪ್ಪು ಮಾಡಿದರು. ಅದರ ಪಕ್ಕದಲ್ಲಿ ನನ್ನ ತಂಗಿ ವೇಣಿಯ ಸೊನ್ನೆ. ಅದನ್ನು ಖಾಲಿ ಬಿಟ್ಟು ಒಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ವೇಣಿ ನನಗಿಂತ ಆರು ವರ್ಷ ಚಿಕ್ಕವಳು. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಳು. ಒಡಹುಟ್ಟಿದವರಿಗೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಎಂದರು. ಹೊರಗೆ ಏನೂ ಕಾಣದೆ ಒಳಗೊಳಗೇ ಕೂತಿರಬಹುದಂತೆ. ಈಗಲೇ ಸಿಕ್ಕರೆ ಗುಳಿಗೆಯಲ್ಲೇ ತಡೆಯಬಹುದು, ನನಗಾದದ್ದು ಅವಳಿಗೆ ಆಗುವುದೇ ಇಲ್ಲ. ಕಂಡ ಮೇಲೆ ಸಿಕ್ಕರೆ ಎಷ್ಟು ವಾಪಸ್ ಬರುತ್ತದೋ ಹೇಳಲಾಗದು. ಮೊದಲು ನನ್ನ ರಕ್ತದಲ್ಲಿ ತಪ್ಪು ಎಲ್ಲಿದೆ ಎಂದು ತಿಳಿಯಬೇಕು, ಆಮೇಲೆ ಅದೇ ಜಾಗವನ್ನು ಅವಳ ರಕ್ತದಲ್ಲಿ ಹುಡುಕಬೇಕು. ನೇರಳೆ ಮುಚ್ಚಳದ ಚಿಕ್ಕ ಬಾಟಲಿಗೆ ನನ್ನ ರಕ್ತ ತುಂಬಿಕೊಂಡರು.

ಆಮೇಲೆ ಕಾಯುವ ಕೆಲಸ. ಗುಳಿಗೆ ಶುರುವಾದ ಹೊಸತರಲ್ಲಿ ನನ್ನ ಸ್ಥಿತಿ ಇನ್ನೂ ಕೆಟ್ಟಿತು, ಹೀಗೂ ಆಗಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನುಂಗಲು ಆಗುತ್ತಿರಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ವೇಣಿ ಬಾಯಿಗಿಡುತ್ತಿದ್ದಳು. ನಾನು ಬಾಯಿ ತೆರೆದುಕೊಂಡು ಅವಳ ಕೈಯನ್ನೇ ನೋಡುತ್ತಿದ್ದೆ. ಎಲ್ಲೋ ಒಂದು ಲ್ಯಾಬಿನಲ್ಲಿ ಮಷಿನ್ನೊಂದು ಕೂತು ನನ್ನ ರಕ್ತದ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತಿತ್ತು. ಫೋನು ಬಡಿದುಕೊಂಡಾಗಲೆಲ್ಲ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಬಹಳ ಸಲ ಅದು ಬಜಾರಿನವರದೇ ಫೋನು.

ರಿಪೋರ್ಟು ಬಂತು. ಒಂದೇ ಒಂದು ಅಕ್ಷರ ಬದಲಾಗಿತ್ತಂತೆ. ಅಪ್ಪನಿಂದ ಬಂದ ಜೀನಿನ ಪ್ರತಿಯಲ್ಲೂ ಅದೇ, ಅವ್ವನಿಂದ ಬಂದ ಪ್ರತಿಯಲ್ಲೂ ಅದೇ. ಒಂದೇ ಪ್ರತಿ ಕೆಟ್ಟಿದ್ದರೆ ಏನೂ ಆಗುವುದಿಲ್ಲ. ಅದಕ್ಕೇ ಅವರಿಬ್ಬರೂ ಆರಾಮಿದ್ದಾರೆ. ಎರಡೂ ಕೂಡಿದ್ದು ನನ್ನಲ್ಲಿ.

"ಈಗ ವೇಣಿದು ಕಳಸಮು," ಅಂದೆ ಅಪ್ಪನಿಗೆ.

ಅಪ್ಪ ತಕ್ಕಡಿ ಒರೆಸುತ್ತ, "ಲಗ್ನ ಒಂದು ಆಗ್ಲಿ ತಡಿ," ಅಂದ.

ವೇಣಿಯ ನಿಶ್ಚಯವಾಗಿತ್ತು. ವರ ಚಿಂಚೋಳಿಯ ಸೋದರಮಾವನ ಮಗ ಬಸವರಾಜ. ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನನಗಿಂತ ಚಿಕ್ಕವನು, ಹಾಗಾಗಿ ನನ್ನಿಂದ ಪಾರಾದ. ಅವರಿಬ್ಬರಿಗೂ ಸಣ್ಣಂದಿನಿಂದ ಒಬ್ಬರೆಂದರೆ ಒಬ್ಬರಿಗೆ ಪ್ರಾಣ, ಹಿರಿಯರು ಹೂಂ ಎಂದದ್ದು ಬರೀ ನೆಪ. "ಲಗ್ನ ಮುಂದಿಟ್ಕೊಂಡು ಹುಡುಗಿ ರಕ್ತ ಹೈದರಾಬಾದಿಗಿ ಕಳಸ್ತಾರೇನ? ಬೀಗರಿಗಿ ಏನಂತ ಹೇಳ್ಲಿ?" ಅನ್ನುವುದು ಅಪ್ಪನ ವಾದ. ಬೀಗರೆಂದರೆ ಯಾರು, ಅವ್ವನ ಸ್ವಂತ ತಮ್ಮ! ಅಪ್ಪನಿಗೆ ಅಕ್ಕನ ಮಗ! ಇಷ್ಟನ್ನು ಹೇಳಲು ಹೊರಟೆ, ನಾಲಿಗೆ ಮಡಚಿಕೊಂಡಿತು. ಅಪ್ಪ ನನ್ನ ಮಾತು ಮುಗಿಯುವವರೆಗೆ ಕಾಯಲಿಲ್ಲ. ವೇಣಿಯೂ ಕೈ ಮುಗಿದಳು. "ಅಕ್ಕಾ, ನನಗೇನಾಗ್ಯಾದ? ನೋಡು, ಕಲ್ಲಿದ್ದಂಗಿದ್ದೀನಿ. ಸುಮ್ ಬಿಡು ನನ್ನ."

ನನಗೂ ಕಾಮಣಿಗೆ ಮುಂಚೆ ಹಾಗೇ ಇತ್ತು. ಬಿಡುವುದು ಹೇಗೆ?

ನಾನು ಬಸವರಾಜನಿಗೆ ಫೋನು ಮಾಡಿದೆ. ಮನೆಯ ಮಾತನ್ನು ಹುಡುಗಿಯೊಬ್ಬಳು ಬೀಗರ ಮನೆಗೆ ನೇರವಾಗಿ ಮುಟ್ಟಿಸುವುದು ನಮ್ಮಲ್ಲಿ ಎಂಥ ಅಪರಾಧ ಎಂದು ಗೊತ್ತಿದ್ದೇ ಮಾಡಿದೆ. ಮಾಡಿದ್ದೇನೋ ಸರಿ, ನನ್ನ ತೊದಲು ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅಳುತ್ತಿದ್ದೇನೆ ಎಂದುಕೊಂಡು ಬೈಕು ಏರಿ ಧೂಳು ಮೆತ್ತಿಕೊಂಡು ಸೇಡಂಗೆ ಬಂದೇಬಿಟ್ಟ.

"ಅಕ್ಕಾ, ಯಾರ್ ಹೋದ್ರು?" ಎಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಕೇಳಿದ.

"ಯಾರೂ ಹೋಗಿಲ್ಲ. ಹೋಗಬಾರ್ದಂತ ಫೋನ್ ಮಾಡೀನಿ. ಕುಂಡ್ರು."

ಅಪ್ಪನ ಎದುರಿಗೇ ಎಲ್ಲ ಹೇಳಿದೆ. ನಿಧಾನವಾಗಿ ಹೇಳಿದೆ, ಕೆಲವು ಮಾತನ್ನು ಎರಡೆರಡು ಸಲ ಹೇಳಿದೆ. ಬಸವರಾಜ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದ. ಅಪ್ಪ ಎದ್ದು ಹೊರಗೆ ಹೋದ. ಒಳಗಿನಿಂದ ಬಂದ ವೇಣಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ನನ್ ಮಾತು ನೀ ಯಾಕ ಬೀದಿಗಿ ತಂದಿ?" ಅಂದಳು. ಬಸವರಾಜ ಅವಳನ್ನು ಸುಮ್ಮನಿರಿಸಿ, "ಕೊಡು ವೇಣಿ, ನೋಡೇ ಬಿಡಮು. ನಂದೂ ತೊಗೊಳ್ಳಿ," ಎಂದು ಅಂಗಿಯ ತೋಳು ಮಡಚಿದ.

ಇಬ್ಬರ ರಕ್ತವೂ ಥರ್ಮಾಕೋಲಿನ ಡಬ್ಬಿಯಲ್ಲಿ ಹೈದರಾಬಾದಿಗೆ ಹೋಯಿತು. ನನ್ನ ರಿಪೋರ್ಟಿಗೆ ಕಾದದ್ದು ಈ ಕಾಯುವಿಕೆಯ ಮುಂದೆ ಏನೇನೂ ಅಲ್ಲ. ವೇಣಿಯ ಕೈಯಿಂದ ಚಮಚ ಬಿದ್ದರೆ ನನ್ನ ಎದೆ ಧಸಕ್ ಎನ್ನುತ್ತಿತ್ತು. ಅವಳು ಮಧ್ಯಾಹ್ನ ಮಲಗಿದರೆ ಸುಸ್ತೇ, ಊಟ ಬಿಟ್ಟರೆ ಲಿವರೇ ಎಂದು ಎಣಿಸುತ್ತಿದ್ದೆ. ಬೆಳಕಿನಲ್ಲಿ ನಿಂತಾಗ ಅವಳ ಕಣ್ಣಲ್ಲಿ ಉಂಗುರ ಹುಡುಕುತ್ತಿದ್ದೆ.

"ಯಾಕ್ ಹಂಗ ನೋಡ್ಲಿಕತ್ತೀದಿ? ನನ್ ಕಣ್ಣಾಗ ಟಿವಿ ಹಚ್ಯಾರೇನ?" ಎಂದು ರೇಗುತ್ತಿದ್ದಳು. ಅಪ್ಪ ಮದುವೆಯ ಪಾತ್ರೆಗಳನ್ನು ತೆಗೆದಿಡುವುದನ್ನು ನಿಲ್ಲಿಸಲಿಲ್ಲ, ಲಗ್ನಪತ್ರಿಕೆ ಮಾತ್ರ ಛಾಪಿಸಲಿಲ್ಲ. ಅವನಿಗೂ ಒಳಗೆ ಭಯವಿದೆ ಎಂದು ನನಗೆ ತಿಳಿದದ್ದು ಆಗಲೇ.

ಮೇಡಂ ವಿಡಿಯೋ ಕಾಲಿನಲ್ಲಿ ಬಂದರು. ನಾನು, ವೇಣಿ, ಅವ್ವ ಗೋದಾಮಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತೆವು. ಹೊರಗೆ ಅಪ್ಪ ಗಿರಾಕಿಯೊಂದಿಗೆ ಬೇಕೆಂದೇ ಜೋರಾಗಿ ಮಾತಾಡುತ್ತಿದ್ದ. ಮೇಡಂ ಸುತ್ತಿ ಬಳಸಲಿಲ್ಲ. ವೇಣಿಯಲ್ಲೂ ಎರಡೂ ಪ್ರತಿ ಕೆಟ್ಟಿವೆ, ನನ್ನದೇ ಜಾಗ, ನನ್ನದೇ ಅಕ್ಷರ. ಬಸವರಾಜನಲ್ಲಿ ಒಂದು. ಅವನಿಗೆ ಏನೂ ಆಗುವುದಿಲ್ಲ, ಆದರೆ ಇವರಿಬ್ಬರಿಗೆ ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ. ಮೊದಲೇ ಗೊತ್ತಿರುವುದರಿಂದ ದಾರಿಗಳಿವೆ, ಕೂತು ಮಾತಾಡೋಣ ಎಂದರು. ವೇಣಿಗೆ ಅದೊಂದೂ ಕೇಳಿಸಲಿಲ್ಲ. ಅವ್ವ ಅವಳ ತಲೆಯನ್ನು ಎದೆಗೊತ್ತಿಕೊಂಡಳು. ಅಪ್ಪನ ದನಿ ಹೊರಗೆ ತಟ್ಟನೆ ನಿಂತಿತು, ಮಾತಿನ ನಡುವೆಯೂ ಒಂದು ಕಿವಿಯನ್ನು ಬಾಗಿಲ ಕಡೆಗೇ ಇಟ್ಟಿದ್ದನೆಂದು ಕಾಣುತ್ತದೆ.

ಮದುವೆ ಮುರಿದದ್ದು ಹಿರಿಯರಲ್ಲ, ವೇಣಿಯೇ. ಬಸವರಾಜ ಬಂದು ಬೇಡಿಕೊಂಡ, ಮಕ್ಕಳೇ ಬೇಡ ಎಂದ. "ಇವತ್ತು ಬ್ಯಾಡಂತಿ, ನಾಳಿಗಿ ನಿಮ್ಮವ್ವನ ಮುಂದ ಏನಂತಿ?" ಎಂದು ಕೇಳಿ, ನಿಶ್ಚಯದ ಉಂಗುರ ಬಿಚ್ಚಿ ಅವನ ಕೈಯಲ್ಲಿಟ್ಟಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಮನೆಯಲ್ಲಿ, ಬೇರೆ ಬೇರೆ ಕೋಣೆಯಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಇಬ್ಬರೂ ಗುಳಿಗೆ ನುಂಗುತ್ತಿದ್ದೆವು. ಅವಳು ಅಳುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು, ಆದರೂ ಆ ದಿನಗಳಲ್ಲಿ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈ ಸಲ ಅದಕ್ಕೆ ಕಾರಣ ರೋಗವಲ್ಲ.

ನನಗೆ ಈಗ ಎಷ್ಟೋ ವಾಸಿ. ಗ್ಲಾಸು ತುಂಬಿಸಿಯೇ ಚಹ ಕುಡಿಯುತ್ತೇನೆ. ಮಾತು ಇನ್ನೂ ಸ್ವಲ್ಪ ಎಳೆಯುತ್ತದೆ. ಗುಳಿಗೆ ಜೀವ ಇರುವವರೆಗೆ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ನಮ್ಮಂಥ ಮನೆಗಳಲ್ಲಿ ಯಾರದಾದರೂ ಕೈ ಸುಮ್ಮನೆ ನಡುಗುತ್ತಿದ್ದರೆ, ಅವರನ್ನು ಮದುವೆಗೋ ಮಂತ್ರಕ್ಕೋ ಕರೆದೊಯ್ಯುವ ಮೊದಲು ಒಂದು ಸಲ ಕಣ್ಣು ತೋರಿಸಲಿ ಎಂದು.

ಮೊನ್ನೆ ವೇಣಿಯ ಮೊದಲ ಮರುತಪಾಸಣೆಗೆ ಹೈದರಾಬಾದಿಗೆ ನಾನೇ ಹೊರಟೆ, ಅವ್ವನಿಗೆ ಮೈ ಹುಷಾರಿರಲಿಲ್ಲ. ಹೋಗುವಾಗ ದಾರಿಯುದ್ದಕ್ಕೂ ಒಂದು ಮಾತಿಲ್ಲ. ಡಾಕ್ಟರು ಸ್ಕ್ಯಾನು ನೋಡಿ, ಅವಳ ಲಿವರಿನಲ್ಲಿ ಆಗಲೇ ಕಲೆ ಶುರುವಾಗಿತ್ತು, ಇನ್ನು ಮುಂದುವರಿಯುವುದಿಲ್ಲ, ಗುಳಿಗೆ ಹಿಡಿದಿದೆ ಎಂದರು. ಮೆದುಳು ಪೂರ್ತಿ ಚೊಕ್ಕ. ಬಿಟ್ಟಿದ್ದರೆ ಎಂದು ವೇಣಿ ಕೇಳಿದಳು. ಡಾಕ್ಟರು ನನ್ನ ಕಡೆ ನೋಡಿದರು. ಅವಳೂ ನೋಡಿದಳು.

ಬಸ್ಸು ತಾಂಡೂರು ದಾಟಿದ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಾಯಿ ಬಿಟ್ಟಳು.

"ಅಕ್ಕಾ, ನಿನ್ ಮ್ಯಾಲಿನ ಸಿಟ್ಟು ಇನ್ನಾ ಹೋಗಿಲ್ಲ ನಂದು."

"ಗೊತ್ತದ."

"ಜಲ್ದಿ ಹೋಗಂಗ ಕಾಣಲ್ಲ. ಭಾಳ ವರ್ಷ ಹಿಡಿತದ."

ನನ್ನ ನಾಲಿಗೆ ಎಲ್ಲಿ ಕೈಕೊಡುತ್ತದೋ ಎಂದು ಒಂದೊಂದೇ ಮಾತನ್ನು ಜೋಡಿಸಿಕೊಂಡು ಹೇಳಿದೆ. "ಹಿಡೀಲಿ ಬಿಡು. ಈಗ ನಿನ್ ಕಡಿ ಅಷ್ಟು ವರ್ಷ ಅವ."

ಅವಳು ಅಳುತ್ತಲೇ ನನ್ನ ತೋಳಿಗೆ ಒಂದು ಗುದ್ದು ಕೊಟ್ಟಳು, ಜೋರಾಗಿಯೇ.